ಸ್ಪಷ್ಟನೆ: ಸೆಟಿರಿಜಿನ್ ನಿಲ್ಲಿಸಿದ ಮೇಲಿನ ತುರಿಕೆ

‘ಸೆಟಿರಿಜಿನ್ ಚಟ ಹಿಡಿಸುತ್ತದೆ, ಇಂದೇ ಬಿಸಾಡಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿರುವ ಸಂದೇಶ ಅರ್ಧಸತ್ಯ. ಅಲರ್ಜಿಗೆ ಬಳಸುವ ಈ ಮಾತ್ರೆಯನ್ನಾಗಲಿ ಅದೇ ಬಗೆಯ ಲಿವೋಸೆಟಿರಿಜಿನ್ ಅನ್ನಾಗಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ದಿನವೂ ಸೇವಿಸಿ ನಿಲ್ಲಿಸಿದವರಲ್ಲಿ ಕೆಲವರಿಗೆ, ಮೊದಲು ತುರಿಕೆಯೇ ಇಲ್ಲದಿದ್ದರೂ, ಕೆಲವೇ ದಿನಗಳಲ್ಲಿ ತೀವ್ರ ತುರಿಕೆ ಕಾಣಿಸಿಕೊಳ್ಳಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ಮೇ ತಿಂಗಳಲ್ಲಿ ಎಚ್ಚರಿಸಿದ್ದು ನಿಜ. ಆದರೆ ಇದು ಅಪರೂಪ: 2017ರಿಂದ 2023ರವರೆಗೆ ಜಗತ್ತಿನಾದ್ಯಂತ ಅದು ಗುರುತಿಸಿದ್ದು 209 ಪ್ರಕರಣಗಳನ್ನು. ಚಟವೆಂಬ ಮಾತಿಗೆ ಇಲ್ಲಿ ಆಧಾರವಿಲ್ಲ. ದೀರ್ಘಕಾಲ ಸೇವಿಸಿದವರು ‘ಇಂದೇ ಬಿಸಾಡಿ’ ಎಂಬ ಸಲಹೆಯನ್ನಂತೂ ಪಾಲಿಸಬಾರದು, ಏಕೆಂದರೆ ಈ ತುರಿಕೆ ಶುರುವಾಗುವುದೇ ಮಾತ್ರೆ ನಿಂತ ಮೇಲೆ. ಮತ್ತೆ ಆರಂಭಿಸಿದ ಬಹುತೇಕರಿಗೆ ಅದು ಶಮನವಾಗಿದೆ. ಅನಂತರ ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸಿದ್ದು ಎಲ್ಲರಿಗೂ ಫಲಿಸಿಲ್ಲವಾದ್ದರಿಂದ, ನಿಲ್ಲಿಸುವ ಕ್ರಮವನ್ನು ವೈದ್ಯರೊಂದಿಗೆ ಮೊದಲೇ ಚರ್ಚಿಸಬೇಕು.