ಯಜಮಾನ್ರು ಬಂದಿಲ್ವಾ?

ಯುಗಾದಿಗೆ ಊರಿಗೆ ಬಂದವಳು, ವಾಪಸ್ ಹೊರಡುವ ಮುಂಚೆ ಚಿಕ್ಕಪೇಟೆಗೆ ಹೋಗಿದ್ದೆ. ರೇಷ್ಮೆ ಬ್ಲೌಸ್ ಪೀಸ್ ಬೇಕಿತ್ತು. ನೂರು ಪೀಸ್ ತಗೊಂಡರೆ ಏನು ರೇಟ್ ಅಂತ ಕೇಳಿದೆ. ಅಂಗಡಿಯವರು ನನ್ನ ಹಿಂದೆ ಯಾರಾದರೂ ಇದ್ದಾರಾ ಅಂತ ಕಣ್ಣು ಹಾಯಿಸಿದರು. "ಯಜಮಾನ್ರು ಬಂದಿಲ್ವಾ ಮೇಡಂ?"

"ವ್ಯಾಪಾರ ನನ್ನದೇ" ಅಂದೆ.

"ಅದು ಸರಿ ಮೇಡಂ. ಮನೆಯವರು?"

ನಮ್ಮ ಭಾಷೆಯಲ್ಲಿ ಗಂಡನೂ ಯಜಮಾನ್ರು, ಮಾಲೀಕನೂ ಯಜಮಾನ್ರು. ಆ ಇಬ್ಬರಲ್ಲಿ ಒಬ್ಬರೂ ಜೊತೆಗಿಲ್ಲದ ಹುಡುಗಿ ಬಂದು ನೂರು ಪೀಸ್ ಕೇಳಿದರೆ, ಪಾಪ, ಅವರಾದರೂ ರೇಟ್ ಯಾರಿಗೆ ಹೇಳಬೇಕು?

ನಾನಿರುವುದು ಅಹಮದಾಬಾದಿನಲ್ಲಿ. ಕೆಲಸಕ್ಕೆ ಅಂತ ಹೋದವಳು, ಕೆಲಸ ಬಿಟ್ಟು ಮೂರು ವರ್ಷದಿಂದ ಅಜ್ರಖ್ ಬಟ್ಟೆಯಲ್ಲಿ, ಅಂದರೆ ಮರದ ಅಚ್ಚಿನಿಂದ ಚಿತ್ತಾರ ಒತ್ತಿದ ಬಟ್ಟೆಯಲ್ಲಿ, ರೆಡಿಮೇಡ್ ಬ್ಲೌಸ್ ಹೊಲಿಸಿ ಮಾರುತ್ತಿದ್ದೇನೆ. ಒಂದು ಉದ್ದನೆ ರೂಮು, ಎರಡು ಮಷೀನು, ಇಬ್ಬರು ಟೈಲರ್‌ಗಳು. ಬಟ್ಟೆ ಬರುವುದು ಕಛ್‌ನ ಅಜ್ರಖ್‌ಪುರದಿಂದ. 2001ರ ಭೂಕಂಪ ಆದಮೇಲೆ ಧಮಡ್ಕಾ ಅನ್ನೋ ಹಳ್ಳಿಯ ಅಚ್ಚಿನವರು ಹೊಸದಾಗಿ ಕಟ್ಟಿಕೊಂಡ ಊರದು.

ಅಲ್ಲಿ ನನ್ನ ಮನೆ ಓನರ್ ಮಾಸಿ, ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ ಕೇಳುವುದು ಒಂದೇ ಮಾತು. "ಧಂಧೋ ಕೆಮ್ ಚಾಲೆ ಛೆ?" ವ್ಯಾಪಾರ ಹೇಗೆ ನಡೀತಿದೆ ಅಂತ. ಮೊದಮೊದಲು ನನಗೆ ಆ ಪದ ಕೇಳಿದರೇ ಮುಜುಗರ. ನಮ್ಮ ಪೇಪರ್‌ನಲ್ಲಿ ದಂಧೆ ಅಂದರೆ ಮರಳು ದಂಧೆ, ಮಟ್ಕಾ ದಂಧೆ. ಫೋನಿನಲ್ಲಿ ಒಮ್ಮೆ ಬಾಯಿ ತಪ್ಪಿ "ದಂಧೆ ಚೆನ್ನಾಗಿದೆ ಅಮ್ಮ" ಅಂದುಬಿಟ್ಟೆ. "ಥೂ, ಅಕ್ಕಪಕ್ಕದವರು ಕೇಳಿಸಿಕೊಂಡರೆ?" ಅಂತ ಬೈದಳು. ಅಲ್ಲಿ ಅದೇ ಪದವನ್ನು ಮಗನ ಹೆಸರು ಹೇಳುವಷ್ಟು ಪ್ರೀತಿಯಿಂದ ಹೇಳುತ್ತಾರೆ.

ಅಲ್ಲಿನ ಬಟ್ಟೆ ಪೇಟೆ ಢಾಲ್‌ಗರ್‌ವಾಡ್‌ನಲ್ಲಿ ಲೈನಿಂಗ್ ಬಟ್ಟೆ ಮಾರುವ ಒಬ್ಬ ಕಾಕಾ ಇದ್ದಾರೆ. ಮೊದಲ ಸಲ ಹೋದಾಗ ಕೇಳಿದ್ದು ಎಷ್ಟು ಮೀಟರ್, ಯಾವ ಬಣ್ಣ, ಅಷ್ಟೇ. ಮೂರನೇ ಸಲಕ್ಕೆ ಒಂದು ತಿಂಗಳ ಉದ್ರಿ ಕೊಟ್ಟರು. ಜಾತಿ ಕೇಳಲಿಲ್ಲ, ಮದುವೆ ಕೇಳಲಿಲ್ಲ. 31ನೇ ದಿನ ಬೆಳಿಗ್ಗೆ ಫೋನ್ ಬಂತು. "ಕೆಮ್ ಛೋ ಬೆನ್?" ಹೇಗಿದ್ದೀರಿ ಅಕ್ಕಾ ಅಂತ. ದುಡ್ಡಿನ ಸುದ್ದಿಯೇ ಇಲ್ಲ. ಬರೀ ಕ್ಷೇಮ ಸಮಾಚಾರ. ಫೋನ್ ಇಟ್ಟವಳೇ ದುಡ್ಡು ಕಳಿಸಿದೆ.

ಮೊದಲ ದೀಪಾವಳಿ ಕಳೆದು ಲಾಭ ಪಾಂಚಮ್ ದಿನ ಅಂಗಡಿಗಳೆಲ್ಲ ಬಾಗಿಲು ತೆರೆದವು. ಅವತ್ತು ಮಾಸಿ ಕೆಂಪು ಬಟ್ಟೆ ಹೊದಿಸಿದ ಲೆಕ್ಕದ ಪುಸ್ತಕ ತಂದು ನನ್ನ ಕೈಲಿ 'ಶುಭ ಲಾಭ' ಬರೆಸಿದರು. ಒಂದು ಬ್ಲೌಸ್ ಆರಿಸಿಕೊಂಡು, ಚೌಕಾಸಿ ಮಾಡದೆ ಪೂರ್ತಿ ದುಡ್ಡು ಕೊಟ್ಟರು. "ಬೋಣಿ" ಅಂದರು. ಈ ಒಂದು ಪದವಾದರೂ ಎರಡೂ ಕಡೆ ಒಂದೇ, ಮರ್ಯಾದೆಯೂ ಒಂದೇ. ರೂಮಿಗೆ ಹೋಗಿ ಸ್ವಲ್ಪ ಅತ್ತೆ.

ನಮ್ಮೂರು ತಿಪಟೂರಿನಲ್ಲಿ ನಾನು "ಚೆನ್ನಾಗಿದ್ದ ಕೆಲಸ ಬಿಟ್ಟು ಜಾಕೀಟು ಮಾರ್ತಿರೋ ಹುಡುಗಿ". ಕೊಬ್ಬರಿ ಹರಾಜಿನ ಮೇಲೆ ಬದುಕುವ ಊರು ಅದು! ಶಾಲೆ ಗೋಡೆ ಮೇಲೆ 'ಕಾಯಕವೇ ಕೈಲಾಸ' ಅಂತ ಬರೆದಿರುತ್ತೆ. ಮಗಳ ಕಾಯಕ ಮಾತ್ರ ಒಂದನೇ ತಾರೀಖು ಸಂಬಳ ಬರುವಂಥದ್ದಾಗಿರಬೇಕು. ಅಮ್ಮ ನನ್ನ ಬಯೋಡೇಟಾದಲ್ಲಿ ಈಗಲೂ 'ಖಾಸಗಿ ಕಂಪನಿಯಲ್ಲಿ ಕೆಲಸ' ಅಂತಲೇ ಬರೆಸುತ್ತಾಳೆ.

ಒಬ್ಬಳೇ ಎಲ್ಲ ಹೇಗೆ ತೂಗಿಸ್ತೀಯ ಅಂತ ಗೆಳತಿಯರು ಕೇಳುತ್ತಾರೆ. ತೂಗಿಸಲ್ಲ ಕಣ್ರೇ. ಕೊರಿಯರ್‌ನವನು ಬರುವ ಹೊತ್ತಿಗೆ ಕುಕ್ಕರ್ ಕೂಗುತ್ತಿರುತ್ತೆ. ತಿಂಗಳ 11ಕ್ಕೆ ಒಂದು ಜಿಎಸ್‌ಟಿ ರಿಟರ್ನು, 20ಕ್ಕೆ ಇನ್ನೊಂದು. ನವರಾತ್ರಿಗೆ ಮುಂಚೆ ಒಂದೂವರೆ ತಿಂಗಳು ಊಟ ಅಂದರೆ ಖಿಚಡಿ. ಜ್ವರ ಬಂದರೆ ಮಲಗಬಹುದು, ಆದರೆ ಟೈಲರ್‌ಗಳಿಗೆ ಬಟ್ಟೆ ಕತ್ತರಿಸಿ ಕೊಟ್ಟು ಮಲಗಬೇಕು. ಇದೆಲ್ಲ ಚಿಕ್ಕಪೇಟೆಯಲ್ಲಿದ್ದರೂ ಇಷ್ಟೇ ಕಷ್ಟ. ಜೊತೆಗೆ, ಗಂಡ ಯಾಕಿಲ್ಲ ಅಂತ ಬೇರೆ ವಿವರಿಸಬೇಕಿತ್ತು ಅಷ್ಟೇ. ಅಹಮದಾಬಾದಿನ ಪೇಟೆ ನನಗೆ ಆ ಒಂದು ಕೆಲಸ ಉಳಿಸಿದೆ.

ಪೇಟೆ ಅಂದೆ, ಊರು ಅನ್ನಲಿಲ್ಲ. ಅದನ್ನೂ ಹೇಳಿಬಿಡಬೇಕು. ಈ ಮಾಸಿ ಸಿಗುವ ಮುಂಚೆ ಒಂಬತ್ತು ಕಡೆ ಮನೆ ಇಲ್ಲ ಅನಿಸಿಕೊಂಡಿದ್ದೆ. ಒಂಟಿ ಹುಡುಗಿಗೆ ಕೊಡಲ್ಲ, ಸೊಸೈಟಿಯವರು ಒಪ್ಪಲ್ಲ, ಮೊಟ್ಟೆ ತಿಂತೀರಾ? ಸ್ವಂತ ದುಡಿಮೆಯ ಬಡ ಹೆಂಗಸರಿಗಾಗಿ ಇಳಾ ಭಟ್ 1972ರಲ್ಲಿ ಸೇವಾ ಸಂಘ ಕಟ್ಟಿದ ಊರಿದು. ಎರಡು ವರ್ಷಕ್ಕೆ ನಾಲ್ಕು ಸಾವಿರ ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ ತಮ್ಮದೇ ಬ್ಯಾಂಕ್ ಮಾಡಿಕೊಂಡರು. ಅಂಥ ಊರಲ್ಲೂ ಬಾಡಿಗೆ ಮನೆಗೆ ಯಜಮಾನ್ರು ಬೇಕು. ನನಗೆ ಉದ್ರಿ ಕೊಟ್ಟ ಕಾಕಾನ ಮಗಳು ಎಂಕಾಂ ಓದಿದ್ದಾಳೆ, ಲೆಕ್ಕದಲ್ಲಿ ಅಣ್ಣನಿಗಿಂತ ಚುರುಕಂತೆ. ಗಲ್ಲಾದಲ್ಲಿ ಕೂತಿರುವುದು ಅಣ್ಣ. ಅವಳಿಗೆ ಸೂರತ್‌ನಲ್ಲಿ ಗಂಡು ನೋಡಿದ್ದಾರೆ. "ನಿಮ್ಮ ಹಾಗೆ ಧೈರ್ಯ ಎಲ್ಲರಿಗೂ ಇರಲ್ಲ ಬೆನ್" ಅಂದರು ಕಾಕಾ. ಪರರ ಮಗಳ ಧೈರ್ಯ ಹೊಗಳುವುದು ಸುಲಭ.

ಇನ್ನೊಂದಿದೆ. ಮೊದಲೇ ಬರೆದಿದ್ದರೆ ನನ್ನ ಸಿಟ್ಟಿನ ಖಾರ ಕಮ್ಮಿ ಆಗುತ್ತಿತ್ತು ಅಂತ ಬಿಟ್ಟಿದ್ದೆ. ಅವತ್ತು ಚಿಕ್ಕಪೇಟೆಗೆ ಅಪ್ಪನೂ ಬಂದಿದ್ದರು. ಹೈಸ್ಕೂಲ್ ಗಣಿತದ ಮೇಷ್ಟ್ರು, ಈಗ ರಿಟೈರ್ಡು. ವ್ಯಾಪಾರಕ್ಕೆ ಮೊದಲು ಎರಡು ಲಕ್ಷ ಕೊಟ್ಟವರು ಅವರೇ. ಏನೂ ಕೇಳಿರಲಿಲ್ಲ, "ಲೆಕ್ಕ ಬರೆದಿಡು" ಅಂದಿದ್ದರು ಅಷ್ಟೇ. ಮೂಲೆಯಲ್ಲಿ ಕಾಫಿ ಕುಡಿದು ತಡವಾಗಿ ಅಂಗಡಿಗೆ ಬಂದರು. ಅಂಗಡಿಯವರ ಮುಖ ಅರಳಿತು. "ಬನ್ನಿ ಯಜಮಾನ್ರೆ, ಕೂತ್ಕೊಳ್ಳಿ" ಅಂತ ಸ್ಟೂಲ್ ಎಳೆದು, ರೇಟ್ ಅವರಿಗೆ ಹೇಳಲು ಶುರು ಮಾಡಿದರು.

"ನಾನು ಚೀಲ ಹೊರೋಕೆ ಬಂದಿರೋದು. ಅವರನ್ನ ಕೇಳಿ" ಅಂದರು ಅಪ್ಪ. ಹುಟ್ಟಿದಾಗಿನಿಂದ ನನ್ನನ್ನು "ಏ ಪುಟ್ಟಿ" ಅಂತಲೇ ಕರೆದವರು, ಅವತ್ತು "ಅವರನ್ನ" ಅಂದರು.

ರೇಟ್ ಕುದುರಿತು. ಬಿಲ್ ಮಾತ್ರ ಅಪ್ಪನ ಹೆಸರಿಗೇ ಬರೆದಿದ್ದರು. ಜಿಎಸ್‌ಟಿ ನಂಬರ್ ನನ್ನದು ಅಂತ ಹೇಳಿ, ಹರಿದು ಹಾಕಿಸಿ, ಮತ್ತೆ ಬರೆಸಿದೆ.