ವಿಪಿಎನ್ ಕಟ್ಟಾದ್ರೆ ರೂಟರ್ ಮುಟ್ಬೇಡಿ, ಮೊದ್ಲು ಟೈಮ್ ಬರ್ಕೊಳ್ಳಿ

ಮನೆಯಿಂದ ಕೆಲ್ಸ ಮಾಡೋರಿಗೆ ಇದನ್ನ ಹೇಳ್ಬೇಕು ಅಂತ ತುಂಬಾ ದಿನದಿಂದ ಅನ್ಕೊಂಡಿದ್ದೆ, ಇವತ್ತು ಬರ್ದೇ ಬಿಡ್ತೀನಿ, ಸ್ವಲ್ಪ ಉದ್ದ ಆಗುತ್ತೆ. ವಿಪಿಎನ್, ಅಂದ್ರೆ ಮನೆಯಿಂದ ಆಫೀಸ್ ನೆಟ್‌ವರ್ಕ್‌ಗೆ ಹೋಗೋ ಗುಪ್ತ ದಾರಿ, ಕಟ್ಟಾದ ತಕ್ಷಣ ಎದ್ದೋಗಿ ರೂಟರ್ ಆಫ್ ಮಾಡಿ ಆನ್ ಮಾಡೋ ಚಟ ಇದ್ಯಲ್ಲ, ದಯವಿಟ್ಟು ಬಿಟ್ಬಿಡಿ. ಏನಾಯ್ತು ಅಂತ ಹೇಳೋಕೆ ಇರೋ ಸಾಕ್ಷಿ ಅಂದ್ರೆ ರೂಟರ್ ತಾನೇ ಬರ್ಕೊಳ್ಳೋ ದಿನಚರಿ, ಅಂದ್ರೆ ಲಾಗ್, ಎಷ್ಟೋ ರೂಟರ್‌ಗಳಲ್ಲಿ ರೀಸ್ಟಾರ್ಟ್ ಆದ್ರೆ ಅದೂ ಅಳಿಸಿಹೋಗುತ್ತೆ. ಸ್ವಲ್ಪ ಹೊತ್ತು ಸರಿಹೋದಂಗೆ ಕಾಣುತ್ತೆ, ಆಮೇಲೆ ಮತ್ತೆ ಅದೇ ರಾಗ ಅದೇ ಹಾಡು.

ನಾನೂ ಎರಡು ತಿಂಗಳು ಇದನ್ನೇ ಮಾಡ್ದೆ. ಆಫೀಸ್ ಹೆಲ್ಪ್‌ಡೆಸ್ಕ್‌ನೋರು "ನಿಮ್ಮ ವೈಫೈ ಸರಿಯಿಲ್ಲ ಸರ್" ಅಂತಾರೆ, ನೆಟ್ ಕಂಪನಿಯೋರು "ಲೈನ್ ಕ್ಲಿಯರ್ ಇದೆ, ನಿಮ್ಮ ಆಫೀಸಲ್ಲೇ ಕೇಳಿ" ಅಂತಾರೆ, ಮಧ್ಯದಲ್ಲಿ ನಾನು ಫುಟ್ಬಾಲ್. ವಿಪಿಎನ್ ಆ್ಯಪ್ ಮೂರು ಸಲ ತೆಗೆದು ಮತ್ತೆ ಹಾಕಿದ್ದಾಯ್ತು, ವೈಫೈ ಚಾನೆಲ್ ಬದಲಾಯಿಸಿದ್ದಾಯ್ತು. ಅತ್ಲಾಗೆ ವಿಡಿಯೋ ಹಾಕಿದ್ರೆ ಒಂದು ಸಲಾನೂ ನಿಲ್ತಿರಲಿಲ್ಲ. (ವಿಡಿಯೋ ಓಡ್ತಿದೆ ಅನ್ನೋದು ಯಾವ್ದಕ್ಕೂ ಸಾಕ್ಷಿ ಅಲ್ಲ ಬಿಡಿ, ಅದು ಮುಂದಿನದ್ದನ್ನ ಮೊದ್ಲೇ ಇಳಿಸ್ಕೊಂಡು ಕೂತಿರುತ್ತೆ, ಮಧ್ಯೆ ಐದು ಸೆಕೆಂಡ್ ನೆಟ್ ಸತ್ತು ಹುಟ್ಟಿದ್ರೂ ನಮಗೆ ಗೊತ್ತಾಗಲ್ಲ.)

ಕೊನೆಗೆ ಬೇಜಾರಾಗಿ ನೋಟ್‌ಬುಕ್ ಹಿಂದಿನ ಪುಟದಲ್ಲಿ ಕಟ್ಟಾದಾಗೆಲ್ಲ ಟೈಮ್ ಬರೆಯೋಕೆ ಶುರು ಮಾಡ್ದೆ, ಜೊತೆಗೆ ಆಗ ಏನ್ಮಾಡ್ತಿದ್ದೆ ಅಂತಾನೂ. ನಾಲ್ಕು ದಿನ ಆದ್ಮೇಲೆ ನೋಡ್ತೀನಿ, ಮೀಟಿಂಗ್‌ನಲ್ಲಿ ಮಾತಾಡ್ತಿರುವಾಗ ಒಂದೇ ಒಂದು ಸಲಾನೂ ಕಟ್ಟಾಗಿಲ್ಲ! ಫೋನ್ ಬಂತು ಅಂತ ಎದ್ದೋದಾಗ, ಡಾಕ್ಯುಮೆಂಟ್ ಓದ್ತಾ ಸುಮ್ನೆ ಕೂತಾಗ, ಆಗಷ್ಟೇ. ಅಂದ್ರೆ ನಾನು ಕೆಲ್ಸ ಮಾಡ್ತಿದ್ರೆ ಸರಿಯಾಗಿರುತ್ತೆ, ಯೋಚ್ನೆ ಮಾಡೋಕೆ ಕೂತ್ರೆ ಕೈಕೊಡುತ್ತೆ.

ಆಮೇಲೆ ಎರಡು ಕಮಾಂಡ್ ವಿಂಡೋ ತೆಗೆದು ಒಂದರಲ್ಲಿ ರೂಟರ್‌ಗೆ ಅಂದ್ರೆ 192.168.1.1ಗೆ, ಇನ್ನೊಂದರಲ್ಲಿ ಹೊರಗಿನ 8.8.8.8ಗೆ (ಗೂಗಲ್‌ನ ಸರ್ವರ್) ಪಿಂಗ್ ಹಾಕಿ ಬಿಟ್ಟೆ, ಅಂದ್ರೆ ಉತ್ತರ ಬರೋಕೆ ಎಷ್ಟು ಹೊತ್ತು ಅಂತ ಕೇಳ್ತಾನೇ ಇರೋದು. ಇದು ಎಲ್ಲರೂ ಮಾಡ್ಬೇಕಾದ ಪರೀಕ್ಷೆ. ರೂಟರ್ ಪಿಂಗೇ 2 ಮಿಲಿಸೆಕೆಂಡಿಂದ 800ಕ್ಕೆ ಹಾರಿ ಟೈಮ್‌ಔಟ್ ಆಗ್ತಿದ್ರೆ ವೈಫೈದೇ ತಪ್ಪು, ಅದು ನೆಟ್ಟಗಿದ್ದು ಹೊರಗಿನದ್ದು ನಿಂತ್ರೆ ಆಚೆ ಕಡೆ ನೋಡ್ಬೇಕು. ನನಗೇನಾಯ್ತು ಗೊತ್ತಾ? ಬೆಳಿಗ್ಗೆಯಿಂದ ಸಂಜೆವರೆಗೂ ವಿಪಿಎನ್ ಒಂದು ಸಲಾನೂ ಕಟ್ಟಾಗ್ಲಿಲ್ಲ. ಡಾಕ್ಟ್ರ ಮುಂದೆ ಕೂತ ತಕ್ಷಣ ನೋವು ಮಾಯ ಆಗುತ್ತಲ್ಲ, ಹಂಗೆ. ಪಿಂಗ್ ವಿಂಡೋ ಮುಚ್ಚಿದೆ, ಹತ್ತೇ ನಿಮಿಷಕ್ಕೆ ಢಮಾರ್.

ಆಗ ತಲೆಗೆ ಹೊಳೀತು. ನಮ್ಮ ಆಫೀಸ್‌ದು ಎಲ್ಲಾ ಟ್ರಾಫಿಕ್ಕನ್ನೂ ಟನಲ್ ಒಳಗೇ ಎಳ್ಕೊಳ್ಳೋ ವಿಪಿಎನ್, ಹಂಗಾಗಿ 8.8.8.8ಗೆ ಹೋಗೋ ಪಿಂಗ್ ಕೂಡ ಅದರೊಳಗೇ ಹೋಗ್ತಿತ್ತು, ಅದೇ ವಿಪಿಎನ್ನನ್ನ ಎಚ್ಚರವಾಗಿ ಇಡ್ತಿತ್ತು. ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ನೋಡ್ದೆ, ಸುಮ್ನಿದ್ರೆ ಆಗ್ಲೂ ಕಟ್ಟು. ಪಾಪ, ಎರಡು ತಿಂಗಳು ಬೈಸ್ಕೊಂಡ ವೈಫೈದು ಏನೂ ತಪ್ಪಿರಲಿಲ್ಲ.

ವಿಷ್ಯ ಏನಂದ್ರೆ, ರೂಟರ್ ಒಳಗೆ ನ್ಯಾಟ್ ಟೇಬಲ್ ಅಂತ ಇರುತ್ತೆ, ಹೊರಗಿಂದ ಬಂದ ಯಾವ ಪ್ಯಾಕೆಟ್ (ಡೇಟಾ ತುಣುಕು) ಮನೆಯೊಳಗೆ ಯಾರಿಗೆ ಸೇರ್ಬೇಕು ಅನ್ನೋ ಲೆಕ್ಕ. ನಮ್ಮ ವಿಪಿಎನ್ ಡೇಟಾ ಕಳಿಸೋ ಯುಡಿಪಿ ಅನ್ನೋ ವಿಧಾನದಲ್ಲಿ ಕನೆಕ್ಷನ್ ಮುಗೀತು ಅಂತ ಹೇಳೋ ಪದ್ಧತಿನೇ ಇಲ್ಲ, ಅದಕ್ಕೆ ಸ್ವಲ್ಪ ಹೊತ್ತು ಮಾತಿಲ್ಲ ಅಂದ್ರೆ ರೂಟರ್ ಆ ಸಾಲನ್ನ ಅಳಿಸಿಹಾಕುತ್ತೆ. ನನ್ನ ರೂಟರ್‌ನಲ್ಲಿ ಆ ಟೈಮ್‌ಔಟ್ 30 ಸೆಕೆಂಡ್. ಆಫೀಸ್ ವಿಪಿಎನ್ "ಇದ್ದೀಯೇನಪ್ಪಾ" ಅಂತ ಕೇಳ್ತಿದ್ದಿದ್ದು 60 ಸೆಕೆಂಡಿಗೊಮ್ಮೆ. ಅಷ್ಟರಲ್ಲಿ ಸಾಲು ಹೋಗಿರುತ್ತೆ, ಮುಂದಿನ ಪ್ಯಾಕೆಟ್ ಬೇರೆ ಪೋರ್ಟಿಂದ ಹೊರಡುತ್ತೆ, ಆ ಕಡೆ ಸರ್ವರ್‌ಗೆ ಇದ್ಯಾವನೋ ಹೊಸಬ ಅನ್ಸುತ್ತೆ. 2007ರ ಆರ್‌ಎಫ್‌ಸಿ 4787 ಅನ್ನೋ ಇಂಟರ್ನೆಟ್ ನಿಯಮದ ದಾಖಲೆಯಲ್ಲೇ ಇದನ್ನ 2 ನಿಮಿಷದೊಳಗೆ ಮರೀಬಾರದು, 5 ನಿಮಿಷ ಇಟ್ರೆ ಒಳ್ಳೇದು ಅಂತ ಬರ್ದಿದ್ದಾರೆ, ಆದ್ರೂ ರೂಟರ್ ಮಾಡೋರು ಕೇಳಲ್ಲ. ವೈರ್‌ಗಾರ್ಡ್ ಅನ್ನೋ ಇನ್ನೊಂದು ವಿಪಿಎನ್‌ನೋರು ಕೀಪ್‌ಅಲೈವ್ (ಅದೇ "ಇದ್ದೀಯೇನಪ್ಪಾ" ಕರೆ) ಬೇಕಾದ್ರೆ 25 ಸೆಕೆಂಡ್ ಇಡಿ ಅನ್ನೋದು ಇದಕ್ಕೇ.

ಎಲ್ಲರದ್ದೂ ಇದೇ ರೋಗ ಅಂತಲ್ಲ. ಫ್ರೆಂಡ್ ಒಬ್ಬನ ಮನೇಲಿ 5 ಗಿಗಾಹರ್ಟ್ಸ್ ವೈಫೈನಲ್ಲಿರೋ ಎಲ್ಲಾ ಡಿವೈಸೂ ಒಟ್ಟಿಗೇ ಬೀಳ್ತಿದ್ವು, ಲಾಗ್ ನೋಡಿದ್ರೆ "ರೇಡಾರ್ ಡಿಟೆಕ್ಟೆಡ್" ಅಂತ ಇತ್ತು, ನಕ್ಕೂ ನಕ್ಕೂ ಸಾಕಾಯ್ತು. ಆದ್ರೆ ನಿಜ ಅದು, 52ರಿಂದ 144ರವರೆಗಿನ ಡಿಎಫ್‌ಎಸ್ ಚಾನೆಲ್‌ಗಳು ರೇಡಾರ್ ಜೊತೆ ಹಂಚ್ಕೊಂಡಿರೋವು, ರೇಡಾರ್ ಇದೆ ಅನ್ಸಿದ್ರೆ ರೂಟರ್ ಜಾಗ ಖಾಲಿ ಮಾಡ್ಲೇಬೇಕು. ಚಾನೆಲ್ 36ಕ್ಕೆ ಹಾಕ್ದ, ಮುಗೀತು. ಗಂಟೆ ಹೊಡ್ದಂಗೆ ಸರಿಯಾಗಿ ಒಂದೊಂದು ಗಂಟೆಗೇ ಕಟ್ಟಾದ್ರೆ ವಿಪಿಎನ್ ಮೇಲೂ ಡೌಟ್ ಪಡಿ, ಓಪನ್‌ವಿಪಿಎನ್ ಅನ್ನೋ ಸಾಫ್ಟ್‌ವೇರ್ ಡೀಫಾಲ್ಟಾಗಿ 3600 ಸೆಕೆಂಡಿಗೊಮ್ಮೆ ಕೀ ಬದಲಾಯಿಸುತ್ತೆ, ಆಗ ಮತ್ತೆ ಓಟಿಪಿ ಕೇಳಿ ಅಲ್ಲೇ ಸಿಕ್ಕಾಕೊಂಡಿರಬಹುದು. ಕನೆಕ್ಟೆಡ್ ಅಂತ ತೋರಿಸ್ತಾ ಇದ್ದು ದೊಡ್ಡ ಫೈಲ್ ಮಾತ್ರ ಅಲ್ಲಾಡ್ದೇ ಇದ್ರೆ ಎಂಟಿಯು, ಅಂದ್ರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ, ಅದ್ರ ಮೇಲೆ ಡೌಟ್ ಪಡಿ, ಪಿಪಿಪಿಒಇ (ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಸೇರೋ) ಲೈನ್ ಆದ್ರೆ 1500ರಲ್ಲಿ 8 ಬೈಟ್ ಅದೇ ತಿಂದು 1492 ಉಳಿಯುತ್ತೆ, ಅದ್ರೊಳಗೆ ವಿಪಿಎನ್‌ನ ಭಾರ ಬೇರೆ. ಲ್ಯಾಪ್‌ಟಾಪ್ ವೈಫೈ ಕಾರ್ಡ್‌ನ ಪವರ್ ಸೇವಿಂಗ್ ಅಂತೂ ಕೇಳ್ದೇನೇ ಆಫ್ ಮಾಡಿ. ವಿಂಡೋಸ್‌ನಲ್ಲಿ ವ್ಲಾನ್ ರಿಪೋರ್ಟ್ ಅಂತ ಒಂದು ತೆಗೀಬಹುದು, ಕಳೆದ 3 ದಿನ ವೈಫೈ ಯಾವಾಗ ಯಾಕೆ ಬಿತ್ತು ಅಂತ ಅದ್ರಲ್ಲೇ ಇರುತ್ತೆ, ನಿಮ್ಮ ನೋಟ್‌ಬುಕ್ ಟೈಮ್ ಜೊತೆ ತಾಳೆ ನೋಡಿ.

ನಾನು ಆ ನೋಟ್‌ಬುಕ್ ಪುಟದ ಫೋಟೋ ತೆಗೆದು ಟಿಕೆಟ್‌ಗೆ ಹಾಕ್ದೆ. ಎರಡನೇ ದಿನ ಯಾರೋ ಒಬ್ರು ಓದಿದ್ರು ಅನ್ಸುತ್ತೆ, ಸರ್ವರ್ ಕಡೆ 60 ಇದ್ದಿದ್ದನ್ನ 20 ಮಾಡಿದ್ರು, ಅವತ್ತಿಂದ ಒಂದು ಸಲಾನೂ ಕಟ್ಟಾಗಿಲ್ಲ. ಟಿಕೆಟ್ ಕ್ಲೋಸ್ ಆಗಿ ಮೇಲ್ ಬಂತು, ಕಾರಣ ಅನ್ನೋ ಜಾಗದಲ್ಲಿ ಬರ್ದಿದ್ರು, "ಯೂಸರ್ ಮನೆ ವೈಫೈ ಸಮಸ್ಯೆ, ಸರಿಹೋಗಿದೆ".