ಬುದ್ಧನ ಮಂಡಿಗೆ ನಿಂಬೆಹಣ್ಣು

ನಮ್ಮ ಮನೆ ಮುಂದೆ ಸಂಪಿಗೆ ಮರದ ಕೆಳಗೆ ಅಮೃತಶಿಲೆಯ ಬುದ್ಧ ಕೂತಿದ್ದಾನೆ. ಒಂದೂವರೆ ಅಡಿ ಎತ್ತರ, ಬಲಗೈ ಬೆರಳು ನೆಲ ಮುಟ್ಟಿವೆ. ಮನೆ ಮಾರಿದವರು ಬಿಟ್ಟು ಹೋದದ್ದು. "ಎತ್ತೋಕಾಗಲ್ಲ ಸಾರ್, ನೀವೇ ಇಟ್ಕೊಳ್ಳಿ" ಅಂದಿದ್ದರು. ಆರು ವರ್ಷ ಅವನನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಸ್ಕೂಟರ್ ಒರೆಸುವ ಬಟ್ಟೆ ಒಣಹಾಕೋಕೆ ಹೆಗಲು ಅನುಕೂಲವಾಗಿತ್ತು, ಅಷ್ಟೇ.

ಹೋದ ತಿಂಗಳು ಭಾವ ಬಂದಿದ್ದರು. ಕಾಫಿ ಲೋಟ ಹಿಡಿದುಕೊಂಡೇ ಬಗ್ಗಿ ನೋಡಿ, "ಹಣೆ ಮೇಲೆ ಅಗಲ ಪಟ್ಟಿ ಇದೆ ನೋಡೋ. ಬರ್ಮಾದ ಮಂಡಲೆ ಶೈಲಿ. ಹಳೇದಾದ್ರೆ ಲಕ್ಷಗಟ್ಟಲೆ!" ಅಂದರು. ಅವರು ಊರಿಗೆ ಹೋಗಿ ಮಲಗಿದರು. ನನಗೆ ನಿದ್ದೆ ಬರಲಿಲ್ಲ.

ಮೊದಲು ಇದು ಕಲ್ಲೋ, ಅಚ್ಚು ಹಾಕಿದ ರೆಸಿನ್ನೋ ಗೊತ್ತಾಗಬೇಕಲ್ಲ. ಅಚ್ಚಿನದಾದರೆ ಪಕ್ಕದಲ್ಲಿ ಜೋಡಣೆಯ ಗೆರೆ ಇರುತ್ತೆ, ಇರಲಿಲ್ಲ. ಕಲ್ಲಾದರೆ ಮುಟ್ಟಿದಾಗ ತಣ್ಣಗಿರುತ್ತೆ ಅಂತ ಓದಿ, ಬೆಳಿಗ್ಗೆ ಆರಕ್ಕೆ ಬುದ್ಧನ ಕೆನ್ನೆಗೆ ಕೆನ್ನೆ ಇಟ್ಟು ಕಣ್ಣು ಮುಚ್ಚಿ ಕೂತಿದ್ದೆ. ಹಾಲಿನವನು ಪ್ಯಾಕೆಟ್ ಗೇಟಿನ ಮೇಲೆಯೇ ಇಟ್ಟು, ಸದ್ದಿಲ್ಲದೆ ಹೊರಟುಹೋದ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಹುಳಿ ಹಾಕಿದರೆ ಅಮೃತಶಿಲೆ ಗುಳ್ಳೆ ಬಿಡುತ್ತೆ ಅಂತ ಎಲ್ಲೋ ನೋಡಿದ್ದು ನೆನಪಾಗಿ, ಅರ್ಧ ನಿಂಬೆಹಣ್ಣು ತಂದು ಎಡಮಂಡಿ ಮೇಲೆ ಹಿಂಡಿದೆ. ಸಣ್ಣ ಸಣ್ಣ ಗುಳ್ಳೆ ಎದ್ದವು! ಅಸಲಿ! ಒರೆಸಿ ನೋಡಿದರೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಹೊಳಪೇ ಇಲ್ಲ. ಅಮೃತಶಿಲೆ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ಅದನ್ನು ತಿನ್ನುತ್ತೆ. ನಾನು ಖುಷಿಯಿಂದ ನೋಡಿದ ಆ ಗುಳ್ಳೆ, ಬುದ್ಧನ ಮಂಡಿ ಕರಗಿದ ಗುಳ್ಳೆ.

ಇಷ್ಟರಲ್ಲಿ ಅಮ್ಮ ಬಂದರು. ನಿಂಬೆರಸಕ್ಕೆ ಪಾಚಿಯೂ ಹೋಗಿತ್ತಲ್ಲ, "ಅಲ್ಲಿ ಮಾತ್ರ ಯಾಕೋ ಬೆಳ್ಳಗಿದೆ? ತಡಿ" ಅಂತ ಒಳಗೆ ಹೋದವರು, ನಾನು ಫೋನಿನಲ್ಲಿ ಓದುತ್ತಾ ನಿಂತಿದ್ದಾಗ, ತೆಂಗಿನ ನಾರು, ಹುಣಸೆಹಣ್ಣಿನ ಸಮೇತ ಬಂದು ದೀಪದ ಕಂಬ ಬೆಳಗುವ ಹಾಗೆ ಬುದ್ಧನ ಬೆನ್ನಿಗೆ ಕೈ ಹಾಕೇಬಿಟ್ಟಿದ್ದರು. ಪಂಚೆ ಎತ್ತಿಕೊಂಡು ಓಡಿದೆ. ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ, "ಬಾತ್‌ರೂಮ್ ಆಸಿಡ್ ಇದೆ, ಕೊಡ್ಲಾ?" ಅಂದರು.

ಮಾರನೇ ದಿನ ಆಫೀಸಿನಲ್ಲಿ ಇನ್ನೊಂದು ಹೊಡೆತ. ನೂರು ವರ್ಷ ದಾಟಿದ ಶಿಲ್ಪವಾದರೆ ನೋಂದಣಿ ಮಾಡಿಸಬೇಕು, 1972ರ ಕಾಯ್ದೆಯೇ ಇದೆ ಅಂದರು ಒಬ್ಬರು. ಲಕ್ಷದ ಆಸೆ ಹೋಗಿ ಪೊಲೀಸ್ ಜೀಪಿನ ಕನಸು ಬೀಳತೊಡಗಿತು.

ಕೊನೆಗೆ ಕಲ್ಲು ಕೆತ್ತುವ ಹಿರಿಯರೊಬ್ಬರನ್ನು ಕರೆತಂದೆ. ಅವರು ಮುಖ ನೋಡಲೇ ಇಲ್ಲ. "ಬುಡ ತೋರಿಸಿ" ಅಂದರು. ನಾಲ್ಕು ಜನ ಸೇರಿ ವಾಲಿಸಿದೆವು. ತಳದಲ್ಲಿ ಬಳೆ ಚೂರಿನ ಹಾಗೆ ಬಾಗಿದ ಗೀರುಗಳು, ತಿರುಗುವ ಬ್ಲೇಡಿನವು. "ನೂರು ವರ್ಷದ ಹಿಂದೆ ಕಟರ್ ಮೆಷಿನ್ ಇತ್ತಾ ಸಾರ್?" ಮಂಡಲೆಯಲ್ಲಿ ಈಗಲೂ ಇಂಥವನ್ನು ಕೆತ್ತುತ್ತಾರೆ, ಅಲ್ಲಿಯದೇ ಇರಬಹುದು, ಇಲ್ಲಾ ಅದನ್ನು ನೋಡಿ ರಾಜಸ್ಥಾನದ ಮಕ್ರಾನಾ ಕಲ್ಲಲ್ಲಿ ಮಾಡಿದ್ದೂ ಇರಬಹುದು ಅಂದರು. ನನಗೆ ಎಷ್ಟು ನೆಮ್ಮದಿ ಆಯಿತು ಅಂದರೆ, ಬೆಲೆ ಕೇಳೋದೇ ಮರೆತೆ.

ಆಮೇಲೆ ಬೈಗುಳ. ಮರದ ಕೆಳಗಿಂದ ತೆಗೀರಿ, ಎಲೆ ಕೊಳೆತು ಕಲೆ ಹಿಡಿಯುತ್ತೆ. ನೆಲದ ತೇವ ಏರದ ಹಾಗೆ ಗ್ರಾನೈಟ್ ಚಪ್ಪಡಿ ಮೇಲೆ ಕೂರಿಸಿ. ಬರೀ ನೀರು, ಮೆತ್ತಗಿನ ಬ್ರಷ್ ಸಾಕು. ಕಾರು ತೊಳೆಯೋ ಪ್ರೆಷರ್ ಪೈಪಂತೂ ಬೇಡವೇ ಬೇಡ. ಅರಿಸಿನ ಕುಂಕುಮ ಹಚ್ಚಬೇಡಿ, ಕಲ್ಲು ಕುಡಿದುಬಿಡುತ್ತೆ. ಇದನ್ನು ಕೇಳಿ ಅಮ್ಮ ಎರಡು ದಿನ ಮಾತು ಬಿಟ್ಟಿದ್ದರು. ಈಗ ಚಪ್ಪಡಿಗೆ ಕುಂಕುಮ ಇಡುತ್ತಾರೆ.

"ಮಂಡಿಗೆ ಏನಾಯ್ತು?" ಅಂತ ಆ ಹಿರಿಯರು ಕೇಳಿದ್ದಕ್ಕೆ ಮಾತ್ರ, ಮಳೆ ಅಂದೆ. ಅವರು ಮೇಲೆ ನೋಡಿದರು, ಬುದ್ಧನನ್ನು ನೋಡಿದರು. "ಅಲ್ಲೊಂದೇ ಕಡೆ ಸುರೀತಾ?" ಅಂದರು.